ಮಲಕಿ ಟೂಹಿ ಕಣ್ಣೆತ್ತಿದ ದಿನ

ಆದದ್ದು ಇಷ್ಟೇ. ತಿಂಗಳ ಮೊದಲ ಶುಕ್ರವಾರ, ಬೆಳಗಿನ ಬಲಿಪೂಜೆ ಮುಗಿದ ಮೇಲೆ, ಅಂಚೆ ಕಚೇರಿಯಲ್ಲಿ ಮಲಕಿ ಟೂಹಿ ಡಿಂಪ್ನಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ.

ಬೇರೆ ಯಾರಾದರೂ ನೋಡಿದ್ದರೆ ಅದು ಸುದ್ದಿಯೇ ಅಲ್ಲ. ನಲವತ್ತಾರರ ಬ್ರಹ್ಮಚಾರಿ ನಲವತ್ತರ ವಿಧವೆಯನ್ನು ನೋಡಿದನೆಂದು ಜನ ಒಂದು ವಾರ ಮುಸಿಮುಸಿ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಮಲಕಿ ಟೂಹಿ ಮನೆತನದವನು. ಐರ್ಲೆಂಡಿನ ಪಡುವಣ ಅಂಚಿನಲ್ಲಿರುವ ನಮ್ಮ ಕ್ಲೂನಡಾರದಲ್ಲಿ ಸತ್ತವರಿಗೆ ಪೆಟ್ಟಿಗೆ ಮಾಡಿ, ನಿಲುವಂಗಿ ತೊಡಿಸಿ, ಮಣ್ಣಿಗೆ ಇಳಿಸಿ ಬರುವ ಕೆಲಸ ನಾಲ್ಕು ತಲೆಮಾರಿನಿಂದ ಆ ಮನೆಯದು. ಟೂಹಿಯವರು ಯಾರನ್ನಾದರೂ ಅಡಿಯಿಂದ ಮುಡಿಯವರೆಗೆ ನೋಡಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ.

ಅದು ಬಂದ ಬಗೆ ಹೀಗೆ. ಮುತ್ತಾತ ಫೆಸ್ಟಸ್ ಟೂಹಿ, ದೇವರು ಅವನಿಗೆ ಸದ್ಗತಿ ಕೊಡಲಿ, ಗಾಡಿ ಮಾಡುವ ಬಡಗಿ. ಒಂದು ಚಳಿಗಾಲ ಜ್ವರ ಬಂದು ಮನೆಮನೆಯಲ್ಲೂ ಹೆಣ ಬಿದ್ದಾಗ ಗಾಡಿಗೆಂದು ಇಟ್ಟ ಹಲಗೆಯನ್ನೇ ಕೊಯ್ದು ಪೆಟ್ಟಿಗೆ ಮಾಡಿಕೊಟ್ಟ. ಮೊದಲ ಮನೆಗೆ ಅಳತೆಪಟ್ಟಿ ಹಿಡಿದು ಹೋಗಿದ್ದನಂತೆ. ಎಂಟು ವರ್ಷದ ಮಗಳ ಪಕ್ಕದಲ್ಲಿ ಕೂತಿದ್ದ ತಾಯಿ ಆ ಪಟ್ಟಿಯನ್ನು ನೋಡಿದಳು. ಫೆಸ್ಟಸ್ ಅದನ್ನು ಜೇಬಿಗೆ ತುರುಕಿ ಹಿಂದಕ್ಕೆ ಬಂದವನು ಮತ್ತೆ ಯಾವತ್ತೂ ಸಾವಿನ ಮನೆಯ ಹೊಸಿಲೊಳಗೆ ಅಳತೆಪಟ್ಟಿ ಒಯ್ಯಲಿಲ್ಲ. ಅವನ ಮಕ್ಕಳು ಮೊಮ್ಮಕ್ಕಳೂ ಒಯ್ಯಲಿಲ್ಲ. ಜನ ಬದುಕಿರುವಾಗಲೇ, ಭಾನುವಾರ ಇಗರ್ಜಿಯ ಬಾಗಿಲಲ್ಲಿ ನಿಂತು, ಕಣ್ಣಲ್ಲೇ ಅಳೆದು ಮನಸ್ಸಲ್ಲಿಟ್ಟುಕೊಳ್ಳುವುದು ಆ ಮನೆಯ ಪದ್ಧತಿಯಾಯಿತು.

ಅಜ್ಜ ಥೇಡಿಯ ಕಣ್ಣು ಅವನಿಗಿಂತಲೂ ಚುರುಕು. ಮಂಡಿಯೂರಿದವನ ಬೆನ್ನು ನೋಡಿದರೆ ಸಾಕು, ನಿಂತರೆ ಎಷ್ಟು ಎಂದು ಹೇಳುತ್ತಿದ್ದ, ಕಾಲಂಗುಲ ತಪ್ಪಿದ್ದಿಲ್ಲ. ಅವನ ಪೆಟ್ಟಿಗೆಯಲ್ಲಿ ಮಲಗಿದವರ ಮುಖದ ಮೇಲೆ ಹೊಸ ಬೂಟು ಕಚ್ಚದೆ ಕೂತವರ ನೆಮ್ಮದಿ ಇರುತ್ತಿತ್ತು ಎಂದು ಹಳಬರು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅಪ್ಪ ಲ್ಯೂಕನ ಕಾಲಕ್ಕೆ ಕುದುರೆ ಹೋಗಿ ಮೋಟಾರು ಬಂತು, ಜೊತೆಗೆ ಕೆಟ್ಟ ಹೆಸರೂ ಬಂತು. ಒಂದು ಭಾನುವಾರ ಗಂಟೆ ಬಾರಿಸುವವನನ್ನು ಲ್ಯೂಕ ನೋಡಿದ. ಗುರುವಾರ ಗಂಟೆ ಬಾರಿಸಲು ಬೇರೆಯವನು ಬೇಕಾಯಿತು. ಆಮೇಲೆ ಶಾಲೆಯ ಮೇಷ್ಟ್ರು. ಆಮೇಲೆ ಒಂದು ಕಂದು ಹೆಣ್ಣು ಕುದುರೆ, ಅದನ್ನಂತೂ ಪಾಪ ಅವನು ಕೊಳ್ಳಲೆಂದು ನೋಡಿದ್ದು. ಟೂಹಿಯ ನೋಟ ಬಿದ್ದವರು ಮುಂದಿನ ತಿಂಗಳ ಮೊದಲ ಶುಕ್ರವಾರ ಕಾಣುವುದಿಲ್ಲ ಎಂದು ಊರು ತೀರ್ಮಾನ ಮಾಡಿತು. ನೋಟ ಬಿದ್ದೂ ಇಪ್ಪತ್ತು ವರ್ಷ ಕೆಮ್ಮಿಕೊಂಡು ತಿರುಗಾಡಿದವರು ಬೇಕಾದಷ್ಟು ಜನ ಇದ್ದರು. ಅವರನ್ನು ಕೇಳುವವರು ಯಾರು?

ಹಾಗಾಗಿ ಮಲಕಿ ಕಣ್ಣು ತಗ್ಗಿಸಿಕೊಂಡೇ ಬೆಳೆದ. ಊರಿನವರೆಲ್ಲ ಅವನಿಗೆ ಬೂಟಿನಿಂದ ಗೊತ್ತು. ಬೀದಿಯಲ್ಲಿ ಎದುರಾದ ಬೂಟುಗಳಿಗೆ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದ, ತಪ್ಪುತ್ತಿರಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಡಿಂಪ್ನಾಳ ಕರಿ ಬೂಟು. ಒಂಬತ್ತು ವರ್ಷದ ಕೆಳಗೆ ಅವಳ ಗಂಡನನ್ನು, ದೇವರು ಅವನಿಗೂ ಸದ್ಗತಿ ಕೊಡಲಿ, ಮಣ್ಣು ಮಾಡಿಸಿದವನು ಮಲಕಿಯೇ. ಅಂದು ಗೋರಿಯ ಅಂಚಿನಲ್ಲಿ ಅಲುಗದೆ ನಿಂತಿದ್ದ ಆ ಎರಡು ಬೂಟುಗಳ ಮೇಲೆ ಅವನಿಗೆ ಹೇಳಿಕೊಳ್ಳಲಾಗದ ಗೌರವ ಹುಟ್ಟಿತು. ವರ್ಷ ತಿರುಗುವುದರೊಳಗೆ ಅದು ಗೌರವವಾಗಿ ಉಳಿಯಲಿಲ್ಲ. ಡಿಂಪ್ನಾ ಬ್ರೆಡ್ಡಿನ ಅಂಗಡಿ ಇಟ್ಟುಕೊಂಡಿದ್ದಳು. ಮಲಕಿಯ ಮನೆಯಲ್ಲಿ ಎಂಬತ್ತರ ವಿನಿ ಅತ್ತೆ ದಿನಾ ಬ್ರೆಡ್ಡು ಬೇಯಿಸುತ್ತಿದ್ದಳು. ಆದರೂ ಮಲಕಿ ದಿನಾ ಡಿಂಪ್ನಾಳ ಅಂಗಡಿಗೆ ಹೋಗಿ, ತಲೆ ತಗ್ಗಿಸಿ, "ಒಂದು ಬ್ರೆಡ್ಡು" ಅನ್ನುತ್ತಿದ್ದ. "ತಗೊಳ್ಳಿ" ಅನ್ನುತ್ತಿದ್ದಳು. "ಬರ್ತೀನಿ" ಅನ್ನುತ್ತಿದ್ದ. ನಾಲ್ಕನೆಯ ಮಾತೊಂದು ಒಂಬತ್ತು ವರ್ಷದಿಂದ ಅವನ ಗಂಟಲಲ್ಲೇ ಕೂತಿತ್ತು. ಟೂಹಿಗಳ ಕೋಳಿಗಳು ಆ ಬ್ರೆಡ್ಡು ತಿಂದು ತಿಂದು ಹೆಬ್ಬಾತುಗಳಂತಾಗಿದ್ದವು.

ಆ ಶುಕ್ರವಾರ ಅಂಚೆ ಕಚೇರಿಯಲ್ಲಿ ಸಾಲಲ್ಲಿ ನಿಂತಿದ್ದಾಗ ಅವನ ಮುಂದೆ ಒಂದು ಜೊತೆ ಕಂದು ಬೂಟು ಬಂದು ನಿಂತಿತು. ಹೊಸದು. ಹಿತ್ತಾಳೆ ಬಕಲು ಬೇರೆ. ಇದು ಯಾರದೆಂದು ತಿಳಿಯಲಿಲ್ಲ. ನಿಂತ ಬಗೆ ಮಾತ್ರ ಗೊತ್ತಿದ್ದದ್ದು. ಡಿಂಪ್ನಾ ಶೋಕದ ಕಪ್ಪು ಬಿಟ್ಟಳೇ! ಅವನ ಕಣ್ಣು ಅವನನ್ನು ಕೇಳದೆ ಮೇಲೆ ಹತ್ತಿತು. ಬೂಟು, ಕಾಲುಚೀಲ, ನೀಲಿ ಕೋಟಿನ ಅಂಚು, ಗುಂಡಿ, ಕೊರಳಿನ ಬಟ್ಟೆ, ಕೊನೆಗೆ ಮುಖ. ಅಲ್ಲಿಗೆ ಹೋಗಿ ನಿಂತೇಬಿಟ್ಟಿತು.

ಅಂಚೆಯ ಡೀಲಿಯಾ ಮುದ್ರೆ ಒತ್ತುವುದನ್ನು ನಿಲ್ಲಿಸಿದಳು.

"ಜೀಸಸ್, ಮೇರಿ, ಜೋಸೆಫ್! ಏನೋ ಮಲಕಿ ಇದು? ಆ ಹೆಣ್ಣಿಗೆ ಇನ್ನೂ ನಲವತ್ತು ಕಣೋ!"

ಡಿಂಪ್ನಾಳ ಮುಖ ಮಜ್ಜಿಗೆಯಂತೆ ಬೆಳ್ಳಗಾಯಿತು. ಆದರೂ ಧೈರ್ಯದ ಹೆಂಗಸು. ಮೆಲ್ಲಗೆ ಕೇಳಿದಳು: "ಎಷ್ಟು ಬಂತು, ಮಲಕಿ?"

ಇಲ್ಲಿ ಮಲಕಿ ಏನು ಬೇಕಾದರೂ ಹೇಳಬಹುದಿತ್ತು. ಬೂಟು ಚೆನ್ನಾಗಿದೆ ಅನ್ನಬಹುದಿತ್ತು. ಸುಮ್ಮನಿರಬಹುದಿತ್ತು. ಆದರೆ ನಾಲ್ಕು ತಲೆಮಾರಿನ ರಕ್ತ ಅವನ ನಾಲಗೆಯ ಮೇಲೆ ಬಂದು ಕೂತಿತ್ತು.

"ಐದಡಿ ನಾಲ್ಕಂಗುಲ," ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಿಂಪ್ನಾ ಅಂಚೆಚೀಟಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.

*

ಹತ್ತು ಗಂಟೆಯೊಳಗೆ ಡಿಂಪ್ನಾಳ ಅಂಗಡಿಯಲ್ಲಿ ಬ್ರೆಡ್ಡಿಗಿಂತ ಜನ ಹೆಚ್ಚಾಗಿದ್ದರು. ಒಬ್ಬಳು ಬೇಯಿಸಿದ ಕೋಳಿ ತಂದಳು, ಒಬ್ಬಳು ಪವಿತ್ರ ಜಲ ತಂದಳು, ಇನ್ನೊಬ್ಬಳು ಹೋದ ವರ್ಷ ಒಯ್ದಿದ್ದ ಬಾಣಲೆ ತಂದು, "ಮನಸ್ಸಲ್ಲಿ ಏನೂ ಇಟ್ಕೋಬೇಡ ಕಣೇ" ಎಂದು ಅತ್ತಳು.

ಮಲಕಿಯ ಅಂಗಳದಲ್ಲಿ ಬೇರೆ ಗುಂಪು. ಅದರ ಮುಂದೆ ಕಟುಕ ಬಾರ್ಟ್ಲಿ. ಇವನ ಅಂಗಡಿ ಡಿಂಪ್ನಾಳ ಅಂಗಡಿಗೆ ಎದುರು. ಒಂಬತ್ತು ವರ್ಷದಿಂದ ಪ್ರತಿ ಈಸ್ಟರಿಗೂ ಒಂದು ಕುರಿಯ ತೊಡೆ ಹೊತ್ತುಕೊಂಡು ಹೋಗಿ ಮದುವೆಗೆ ಕೇಳುತ್ತಿದ್ದ. ಅವಳು ತೊಡೆಯನ್ನು ಇಟ್ಟುಕೊಂಡು ಬೇಡಿಕೆಯನ್ನು ವಾಪಸು ಕಳಿಸುತ್ತಿದ್ದಳು. ಈಗ ಅವನು ಮಾಂಸದ ದೊಡ್ಡ ತಟ್ಟೆಯೊಂದನ್ನು ಗುರಾಣಿಯಂತೆ ಎದೆಗಡ್ಡ ಹಿಡಿದು ನಿಂತಿದ್ದ.

"ಲೋ ಮಲಕಿ! ಹೊರಗೆ ಬಾರೋ! ನಿನ್ನ ನೋಟ ವಾಪಸ್ ತಗೋ!"

"ನೋಟ ಹ್ಯಾಗೋ ವಾಪಸ್ ತಗೊಳ್ಳೋದು?" ಅಂದ ಮಲಕಿ, ಬಾರ್ಟ್ಲಿಯ ಬೂಟಿಗೆ.

"ಅದಕ್ಕೇನು? ತಲೆಯಿಂದ ಕಾಲಿಗೆ ನೋಡು," ಅಂದಳು ಅಂಚೆ ಕಚೇರಿಗೆ ಬೀಗ ಹಾಕಿ ಬಂದಿದ್ದ ಡೀಲಿಯಾ. "ಹತ್ತಿದ ಏಣಿ ಇಳಿದ ಹಾಗೆ."

"ಬೇಡಪ್ಪಾ! ಎರಡು ಸಲ ಅಳೆದ್ರೆ ಎರಡು ಸಲ ಸಾಯ್ತಾಳೆ," ಅಂತ ಹಿಂದಿನಿಂದ ಯಾರೋ.

"ನಾನು ಅಳೆದೇ ಇಲ್ಲ!" ಮಲಕಿ ಕೂಗಿದ.

"ಅಳೆಯದೇನೇ ನಾಲ್ಕಂಗುಲ ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?" ಡೀಲಿಯಾ ಸೊಂಟಕ್ಕೆ ಕೈ ಇಟ್ಟಳು. "ನಾನು ಕಿವಿಯಾರೆ ಕೇಳಿದೀನಿ. ಹೋಗಲಿ, ಅಳೆಯೋಕಲ್ಲ ಅಂದ್ರೆ ಇನ್ಯಾತಕ್ಕೆ ನೋಡ್ದೆ? ಹೇಳು ಮತ್ತೆ."

ಇಪ್ಪತ್ತು ಜೊತೆ ಬೂಟುಗಳು ಉತ್ತರಕ್ಕೆ ಕಾದವು. ಮಲಕಿಯ ಕಿವಿ ಕೆಂಪಾಯಿತು. ಒಂಬತ್ತು ವರ್ಷ ಅವಳಿಗೇ ಹೇಳಲಾಗದ ಮಾತನ್ನು ಡೀಲಿಯಾಳಿಗೆ ಹೇಳುವುದೆಂದರೆ ಇಗರ್ಜಿಯ ಗಂಟೆಗೆ ಕಟ್ಟಿದಂತೆಯೇ. ಬಾಯಿ ಮುಚ್ಚಿಕೊಂಡ. ಬಾರ್ಟ್ಲಿ ತಟ್ಟೆಯನ್ನು ನೆಲಕ್ಕಿಟ್ಟು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು, ಕರುವಿನಂತೆ ಅಳುತ್ತ ಹೋದ.

ಅಷ್ಟು ಸಾಲದೆಂಬಂತೆ ಮಧ್ಯಾಹ್ನದ ಹೊತ್ತಿಗೆ ಹಲಗೆಯ ಲಾರಿ ಬಂತು. ಅದು ಬರಬೇಕಾದದ್ದು ಸೋಮವಾರ. ಅಂಗಳದ ತುಂಬ ಜನ ನೋಡುತ್ತಿದ್ದಂತೆಯೇ ಲಾರಿಯವನು ಇಳಿದು ಕೇಳಿದ: "ಟೂಹಿ, ಓಕ್ ಹಲಗೆ ಎಲ್ಲಿ ಇಳಿಸ್ಲಿ? ಅವಸರ ಇದೆ ಅಂದಿದ್ರಂತಲ್ಲ?"

"ಅವಸರ!" ಅಂದಳು ಡೀಲಿಯಾ. ಗುಂಪಿಗೆ ಗುಂಪೇ ಶಿಲುಬೆಯ ಗುರುತು ಹಾಕಿಕೊಂಡಿತು. "ಓಕು ಅಂತೆ. ಒಳ್ಳೇದನ್ನೇ ಹಾಕ್ತಿದಾನೆ, ಅಷ್ಟಾದ್ರೂ ಮನುಷ್ಯತ್ವ ಇದೆ."

ಮಲಕಿ ಮನೆಯೊಳಕ್ಕೆ ಓಡಿದ. ಅಲ್ಲಿ ವಿನಿ ಅತ್ತೆಯ ಕುರ್ಚಿ ಖಾಲಿ. ಸತ್ತವರಿಗೆ ತೊಡಿಸುವ ನಿಲುವಂಗಿಗಳನ್ನು ಅರವತ್ತು ವರ್ಷದಿಂದ ಹೊಲಿಯುತ್ತಿದ್ದವಳು ಅವಳು. ಹೊತ್ತು ಕಳೆದು, ಟೋಪಿ ಸರಿಮಾಡಿಕೊಳ್ಳುತ್ತ, ಬಲು ತೃಪ್ತಿಯಿಂದ ಒಳಗೆ ಬಂದಳು.

"ಎಲ್ಲಿಗೆ ಹೋಗಿದ್ದೆ ಅತ್ತೆ?"

"ಡಿಂಪ್ನಾ ಹತ್ರ. ಸುದ್ದಿ ಕೇಳ್ದೆ. ಕಂದು ಬಟ್ಟೆನೋ ನೀಲಿ ಬಟ್ಟೆನೋ ಅಂತ ಕೇಳ್ಕೊಂಡು ಬರೋಣ ಅಂತ ಹೋದೆ."

"ಅತ್ತೆ! ಬದುಕಿರೋರನ್ನ ಹೋಗಿ ಕೇಳ್ತಾರೇನೇ!"

"ಸತ್ತ ಮೇಲೆ ಕೇಳಿದ್ರೆ ಯಾರಪ್ಪಾ ಹೇಳ್ತಾರೆ? ಒಳ್ಳೇ ಹುಡುಗಿ. ಚಹಾ ಕೊಟ್ಲು. ನೀಲಿ ಇರ್ಲಿ ವಿನಿಯಮ್ಮ, ಕಂದು ನನ್ನ ಮುಖಕ್ಕೆ ಒಪ್ಪಲ್ಲ ಅಂದ್ಲು." ಅತ್ತೆ ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಹಿಡಿದಳು. "ಮತ್ತೆ ಕೇಳಿದ್ಲು, ಮಲಕಿ ಏನಾದ್ರೂ ಹೇಳಿದ್ರಾ ಅಂತ. ಅವನೇನು ಹೇಳ್ತಾನೆ, ಅವನು ಹುಟ್ಟಿದಾಗ ಅಳೋದಕ್ಕೂ ಮೂರು ದಿನ ಯೋಚನೆ ಮಾಡ್ದ ಅಂದೆ."

*

ಮೂರು ಗಂಟೆಗೆ ಮಲಕಿ ಫಾದರ್ ಲವೆಲ್ ಅವರ ಬಾಗಿಲು ತಟ್ಟಿದ.

"ಇದೆಲ್ಲ ಮೂಢನಂಬಿಕೆ ಮಲಕಿ, ಶುದ್ಧ ಮೂಢನಂಬಿಕೆ," ಅಂದರು ಫಾದರ್, ಮೇಜಿನ ಹಿಂದೆ ಕುರ್ಚಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತ. "ಈ ಭಾನುವಾರ ಪೀಠದಿಂದಲೇ ಖಂಡಿಸ್ತೀನಿ. ಅಯ್ಯೋ, ನೀನು ಎದ್ದು ನಿಲ್ಬೇಡ. ಕೂತ್ಕೊಂಡೇ ಮಾತಾಡು. ಸ್ವಲ್ಪ ಆ ಕಡೆ ತಿರುಗಿ ಕೂತ್ರೂ ಪರವಾಗಿಲ್ಲ."

ಮಲಕಿ ಕಿಟಕಿಯ ಕಡೆ ತಿರುಗಿ ಕೂತ.

"ಅವಳಿಗೆ ನಿಜ ಹೇಳಿಬಿಡು. ಯಾತಕ್ಕೆ ನೋಡ್ದೆ?"

ಕಿಟಕಿಯ ಆಚೆ ಗೋರಿಗಳ ಸಾಲು. ಫೆಸ್ಟಸ್, ಥೇಡಿ, ಲ್ಯೂಕ, ಮೂವರೂ ಒಂದೇ ಗೋಡೆಯ ನೆರಳಲ್ಲಿ. ಊರಿಗೆಲ್ಲ ಹಾಸಿಗೆ ಹಾಸಿ ತಾವೂ ಮಲಗಿದ್ದರು. ಅವರು ಮೂವರೂ ಮದುವೆಯಾಗಿದ್ದರಲ್ಲ, ಹೇಗೆ ಕೇಳಿದರೋ, ಯಾವ ಮಾತಲ್ಲಿ ಕೇಳಿದರೋ, ಅದನ್ನೊಂದು ಮಾತ್ರ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

"ಚೆನ್ನಾಗಿ ಕಂಡ್ಲು ಫಾದರ್," ಅಂದ ಮಲಕಿ ಕಿಟಕಿಗೆ. "ಒಂಬತ್ತು ವರ್ಷದಿಂದ ಬೂಟು ನೋಡಿದೀನಿ. ಇವತ್ತು ಮುಖ ನೋಡೋಣ ಅನ್ನಿಸ್ತು."

ಫಾದರ್ ಮೇಜಿನ ಹಿಂದಿನಿಂದ ಎದ್ದು, ಅಡಿಯಿಂದ ಮುಡಿಯವರೆಗೆ ಪೂರ್ತಿ ಕಾಣುವ ಹಾಗೆ ಅವನ ಮುಂದೆ ಬಂದು ನಿಂತರು.

"ಈ ಮಾತು ನನ್ನ ಹತ್ರ ಯಾಕೆ ಹೇಳ್ತಿದೀಯ ದಡ್ಡ? ಹೋಗು. ಇವತ್ತೇ ಹೋಗು."

*

ಮಲಕಿ ಸ್ನಾನ ಮಾಡಿದ. ಕ್ಷೌರ ಮಾಡಿಕೊಂಡ. ಅವನಲ್ಲಿದ್ದ ಒಳ್ಳೆಯ ಉಡುಪು ಒಂದೇ, ಶವಯಾತ್ರೆಗೆ ತೊಡುವ ಕರಿ ಕೋಟು, ಕರಿ ಕೈಗವಸು, ಎತ್ತರದ ಟೋಪಿ. ಟೋಪಿಯನ್ನು ಒಮ್ಮೆ ಉಜ್ಜಿದ. ಹೇಳಬೇಕಾದ ಮಾತನ್ನು ಕನ್ನಡಿಗೆ ಹೇಳಿದ. ಕನ್ನಡಿಗೆ ಹಿಡಿಸಿದಂತೆ ಕಾಣಲಿಲ್ಲ. ಟೋಪಿಯನ್ನು ಇನ್ನೊಮ್ಮೆ ಉಜ್ಜಿದ. ಐದು ಹೊಡೆಯಿತು. ಮೂರನೆಯ ಸಲ ಉಜ್ಜಿದ. ಕೊನೆಗೆ ಆರರ ಪ್ರಾರ್ಥನೆಯ ಗಂಟೆ ಬಾರಿಸಿದಾಗ, ಇನ್ನು ಉಜ್ಜಿದರೆ ತೂತು ಬೀಳುತ್ತದೆ ಎನ್ನಿಸಿ ಬೀದಿಗಿಳಿದ.

ಕರಿ ಕೋಟಿನ ಟೂಹಿ ಬೀದಿಯ ನಡುವೆ ನಡೆದು ಬರುವುದನ್ನು ಕಂಡ ಊರು ತನಗೆ ಗೊತ್ತಿದ್ದದ್ದನ್ನು ಮಾಡಿತು. ಗಂಡಸರು ಟೋಪಿ ತೆಗೆದರು. ಅಂಗಡಿಯವರು ಅರ್ಧ ಬಾಗಿಲು ಹಾಕಿದರು. ಕಿಟಕಿಗಳಲ್ಲಿ ಪರದೆಗಳು ಇಳಿದವು. ಎದುರಾದ ಶವಯಾತ್ರೆಯೊಡನೆ ಹಿಂದಕ್ಕೆ ತಿರುಗಿ ಮೂರು ಹೆಜ್ಜೆಯಾದರೂ ನಡೆಯಬೇಕೆನ್ನುವುದು ನಮ್ಮ ಕಡೆಯ ಧರ್ಮ. ಶವ ಇಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಎದುರಾದವರೆಲ್ಲ ತಿರುಗಿ ಮೂರು ಹೆಜ್ಜೆ ನಡೆದರು. ಎಲ್ಲಿಗೆ ಹೋಗುತ್ತಾನೆಂದು ತಿಳಿದ ಮೇಲೆ ನಾಲ್ಕನೆಯದನ್ನೂ ಇಟ್ಟರು.

"ಹಿಂದೆ ಬರ್ಬೇಡ್ರಪ್ಪಾ," ಅಂದ ಮಲಕಿ.

"ನೀನೊಬ್ಬನೇ ಹ್ಯಾಗೆ ನಿಭಾಯಿಸ್ತೀಯ?" ಅಂದಳು ಡೀಲಿಯಾ, ಜಪಸರ ಹೊರತೆಗೆಯುತ್ತ. "ನಡಿ, ನಡಿ. ನಾವಿದೀವಿ."

ಬ್ರೆಡ್ಡಿನ ಅಂಗಡಿ ತಲುಪುವ ಹೊತ್ತಿಗೆ ಅವನ ಹಿಂದೆ ನಲವತ್ತು ಜನ, ಎರಡು ನಾಯಿ, ಜಪಸರದ ಐದು ಸುತ್ತಿನಲ್ಲಿ ಮೂರನೆಯದು. ಪ್ರೀತಿಯ ಮಾತು ಹೇಳಲು ಹೆಣ್ಣಿನ ಮನೆಗೆ ಇಷ್ಟು ದಿಬ್ಬಣ ಕಟ್ಟಿಕೊಂಡು ಹೋದವನು ಕ್ಲೂನಡಾರದಲ್ಲಿ ಅವನ ಹಿಂದೆಯೂ ಇರಲಿಲ್ಲ, ಮುಂದೆಯೂ ಆಗಲಿಲ್ಲ.

ಡಿಂಪ್ನಾ ಬಾಗಿಲು ತೆರೆದಳು. ಮಲಕಿಯನ್ನೂ ಅವನ ಟೋಪಿಯನ್ನೂ ಹಿಂದಿನ ಜನರನ್ನೂ ನೋಡಿದಳು.

"ಇಷ್ಟು ಬೇಗ್ನಾ?" ಅಂದಳು. "ಒಳಗೆ ಬನ್ನಿ."

ಬಾಗಿಲು ಮುಚ್ಚಿತು. ಜನ ಕಿಟಕಿಗೆ ಸರಿದರು. ಮಲಕಿ ಟೋಪಿ ತೆಗೆದು, ಜೀವಮಾನದಲ್ಲಿ ಎರಡನೆಯ ಸಲ ಅವಳ ಮುಖವನ್ನು ನೋಡಿದ. ಕನ್ನಡಿಗೆ ಹೇಳಿದ್ದೆಲ್ಲ ಮರೆತುಹೋಯಿತು.

"ನಾನು ಅಳತೆ ತಗೊಳ್ಳಲಿಲ್ಲ ಡಿಂಪ್ನಾ. ದೇವರಾಣೆ. ನೀವು ಹೊಸ ಬೂಟು ಹಾಕಿದ್ರಿ. ನೋಡ್ದೆ. ಆಮೇಲೆ ನೋಡೋದು ನಿಲ್ಲಿಸೋಕೆ ಆಗ್ಲಿಲ್ಲ. ಅಷ್ಟೇ."

"ಮತ್ತೆ ಐದಡಿ ನಾಲ್ಕಂಗುಲ?"

"ಅದು ಬಾಯಿತಪ್ಪಿ ಬಂತು. ನಮ್ಮ ಮನೆತನದ ಚಾಳಿ."

"ಹಾಗಾದ್ರೆ ನಾನು ಸಾಯಲ್ವಾ?"

"ಇಲ್ಲ. ಅಂದ್ರೆ, ಯಾವತ್ತೋ. ಎಲ್ರ ಹಾಗೆ."

ಡಿಂಪ್ನಾ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಸಂತೋಷಪಟ್ಟವಳಂತೆ ಕಾಣಲಿಲ್ಲ. ಮಲಕಿ ಇನ್ನು ಆ ನಾಲ್ಕನೆಯ ಮಾತನ್ನು ಹೇಳಿಯೇಬಿಡಬೇಕೆಂದು ಉಸಿರು ಎಳೆದುಕೊಂಡ. ಅಭ್ಯಾಸಬಲದಿಂದ ಕಣ್ಣು ನೆಲಕ್ಕೆ ಇಳಿಯಿತು. ಒಲೆಯ ಮುಂದೆ, ಒಣಗಲು ಇಟ್ಟ ಹಾಗೆ, ಒಂದು ಜೊತೆ ದೊಡ್ಡ ಬೂಟುಗಳಿದ್ದವು. ತುದಿಯಲ್ಲಿ ಮರದ ಪುಡಿ ಅಂಟಿತ್ತು, ಕಟುಕರ ಅಂಗಡಿಯ ನೆಲಕ್ಕೆ ಹರಡುವಂಥದ್ದು.

ಒಳಕೋಣೆಯಿಂದ ಬಾರ್ಟ್ಲಿ ಕಾಲುಚೀಲದಲ್ಲಿ ಬಂದ, ಕೈಯಲ್ಲಿ ಚಹಾದ ಲೋಟ.

"ಕೇಳಿಸ್ತು, ಎಲ್ಲಾ ಕೇಳಿಸ್ತು!" ಲೋಟವನ್ನಿಟ್ಟು ಮಲಕಿಯನ್ನು ತಬ್ಬಿ ನೆಲದಿಂದ ಎತ್ತಿಯೇಬಿಟ್ಟ. "ಸಾಯಲ್ವಂತೆ! ಲೋ ಮಲಕಿ, ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ! ಒಂದು ತಿಂಗಳ ಸಂಸಾರ ಅಂತಿದ್ದೆ, ನೀನು ಪೂರ್ತಿ ಆಯುಸ್ಸು ತಂದುಕೊಟ್ಟೆಯಲ್ಲೋ!"

ಮಲಕಿಯನ್ನು ಕೆಳಗಿಳಿಸಿದಾಗ ಡಿಂಪ್ನಾ ಅವನನ್ನೇ ನೋಡುತ್ತಿದ್ದಳು.

"ಐದು ಗಂಟೆಗೆ ಇವರು ಬಂದು ಕೇಳಿದ್ರು," ಅಂದಳು. "ಹೂಂ ಅಂದೆ."

"ಐದು ಗಂಟೆಗೆ," ಅಂದ ಮಲಕಿ, ಟೋಪಿ ತಿರುಗಿಸುತ್ತ.

"ಒಂಬತ್ತು ವರ್ಷ ಒಬ್ಬರು ಬಾಯಿ ಬಿಡ್ತಾರೆ ಅಂತ ಕಾದೆ, ಮಲಕಿ. ಇನ್ನೂ ಒಂಬತ್ತು ವರ್ಷ ಬೇಕಾದ್ರೂ ಕಾಯ್ತಿದ್ದೆ, ಆ ಹೊಸ ಬೂಟು ಕೂಡ ಅವರು ಕಣ್ಣೆತ್ತಲಿ ಅಂತಲೇ ಕೊಂಡದ್ದು. ಆದ್ರೆ ಬೆಳಗ್ಗೆ ನನಗೆ ಉಳಿದಿರೋದು ಬರೀ ಒಂದು ತಿಂಗಳು ಅಂತಾಯ್ತು." ಅವಳ ದನಿ ಸ್ವಲ್ಪವೂ ಏರಲಿಲ್ಲ. "ಒಂದು ತಿಂಗಳಲ್ಲಿ ಅವರು ಬಾಯಿ ಬಿಡಲ್ಲ ಅಂತ ನನಗೆ ಖಾತ್ರಿ ಇತ್ತು."

"ಯಾರೇ ಅದು?" ಅಂದ ಬಾರ್ಟ್ಲಿ, ಸಕ್ಕರೆ ಹುಡುಕುತ್ತ. "ಯಾವನೋ ಬೆಪ್ಪ ಇರ್ಬೇಕು."

"ಬೆಪ್ಪನೇ," ಅಂದ ಮಲಕಿ.

ಹೂಂ ಅಂದದ್ದನ್ನು ಊಹೂಂ ಮಾಡುವ ಹಾಗೂ ಇರಲಿಲ್ಲ. ಕಿಟಕಿಯ ಗಾಜಿಗೆ ಮೂಗು ಒತ್ತಿದ್ದ ಡೀಲಿಯಾ ಆಗಲೇ ಜಪಸರವನ್ನು ಅರ್ಧಕ್ಕೆ ನಿಲ್ಲಿಸಿ ಮದುವೆಯ ಸುದ್ದಿಯನ್ನು ಬೀದಿಗೆ ಹೇಳಿಯಾಗಿತ್ತು. ಹೊರಗೆ ನಲವತ್ತು ಜನ ಜಯಕಾರ ಹಾಕುತ್ತಿದ್ದರು. ಕೊಟ್ಟ ಕೋಳಿ ವ್ಯರ್ಥವಾಗುವುದಿಲ್ಲವೆಂದು ಕೋಳಿ ಕೊಟ್ಟವಳು ಎಲ್ಲರಿಗಿಂತ ಜೋರಾಗಿ ಕೂಗಿದಳು.

"ಮಲಕಿ," ಬಾರ್ಟ್ಲಿ ಅವನ ಹೆಗಲ ಮೇಲೆ ಕೈ ಹಾಕಿದ, "ಊರಲ್ಲಿ ದೊಡ್ಡ ಕಾರು ಅಂತ ಇರೋದು ನಿನ್ನ ಹತ್ರ ಒಂದೇ. ಮದುವೆ ದಿನ ಇವಳನ್ನ ಇಗರ್ಜಿಗೆ ಕರ್ಕೊಂಡು ಬರ್ತೀಯಾ? ಇಲ್ಲ ಅನ್ಬೇಡ."

ಮಲಕಿ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದೂ ಅವನಿಗೆ ಬರುತ್ತಿರಲಿಲ್ಲ. ಟೋಪಿ ಹಾಕಿಕೊಂಡು, "ಎಷ್ಟು ಹೊತ್ತಿಗೆ ಬರಲಿ?" ಎಂದು ಕೇಳಿದ.

ಮದುವೆಯ ದಿನ ಕಾರನ್ನು ತೊಳೆದು ಹೊಳೆಯುವಂತೆ ಮಾಡಿ ತಂದ. ಬಾಗಿಲು ತೆರೆದ, ಡಿಂಪ್ನಾ ಹತ್ತಿದಳು. ಬ್ರೆಡ್ಡಿನ ಅಂಗಡಿಯಿಂದ ಇಗರ್ಜಿಗೆ ಅರ್ಧ ಮೈಲಿ. ಆ ಕಾರನ್ನು ಶವಯಾತ್ರೆಯಲ್ಲಿ ಜನ ನಡೆಯುವ ವೇಗದಲ್ಲಿ ಓಡಿಸುವುದೊಂದೇ ಮಲಕಿಗೆ ಗೊತ್ತಿದ್ದದ್ದು; ಅವನಪ್ಪನೂ ಹಾಗೇ ಓಡಿಸಿದ್ದು. ಇಗರ್ಜಿ ತಲುಪಲು ಇಪ್ಪತ್ತು ನಿಮಿಷವಾಯಿತು. ಬಾಗಿಲಲ್ಲಿ ಬಾರ್ಟ್ಲಿ ಗಡಿಯಾರ ನೋಡುತ್ತ, ಬೆವರುತ್ತ ನಿಂತಿದ್ದ. ಹಿಂದಿನ ಸೀಟಿನಲ್ಲಿದ್ದ ಡಿಂಪ್ನಾ ಮಾತ್ರ ಇಡೀ ದಾರಿಯಲ್ಲಿ ಒಮ್ಮೆಯೂ ಬೇಗ ಓಡಿಸಿ ಅನ್ನಲಿಲ್ಲ.